ಮೂರು ಪ್ರಾಜೆಕ್ಟಿಗೆ ಒಂದೇ ಕೋಡು: ಜಾವಾ ವೆಬ್ ಅಪ್ಲಿಕೇಶನ್‌ಗಳಲ್ಲಿ ಲೈಬ್ರರಿ ಹಂಚಿಕೊಳ್ಳುವ ಬಗೆ

ಹನ್ನೆರಡು ಲಕ್ಷದ ಮೂವತ್ತನಾಲ್ಕು ಸಾವಿರದ ಐನೂರ ಅರವತ್ತೇಳು ರೂಪಾಯಿಯನ್ನು ನಾವು 12,34,567 ಎಂದು ಬರೆಯುತ್ತೇವೆ. ಜಾವಾ ಹಾಗೆ ಬರೆಯುವುದಿಲ್ಲ. ಅದರ ಡೆಸಿಮಲ್‌ಫಾರ್ಮ್ಯಾಟ್ ಕ್ಲಾಸಿಗೆ ಲಕ್ಷ-ಕೋಟಿಯ ನಮೂನೆಯನ್ನೇ ಕೊಟ್ಟರೂ ಅದು ಬಲತುದಿಯ ಗುಂಪಿನಲ್ಲಿ ಎಷ್ಟು ಅಂಕಿಗಳಿವೆ ಎಂಬುದನ್ನಷ್ಟೇ ನೋಡುತ್ತದೆ, ಉಳಿದ ಗುಂಪುಗಳಿಗೂ ಅದೇ ಅಳತೆ ಹಾಕಿ 1,234,567 ಎಂದು ಮುದ್ರಿಸುತ್ತದೆ. ಹೀಗಾಗಿ ಬಿಲ್ಲು, ರಸೀದಿ, ಪಾಸ್‌ಬುಕ್ಕು ಮುದ್ರಿಸುವ ತಂಡಗಳು ಐಸಿಯು4ಜೆ ಎಂಬ ಲೈಬ್ರರಿಯನ್ನು ತರಿಸಿಕೊಳ್ಳುತ್ತವೆ, ಇಲ್ಲವೇ ಅಲ್ಪವಿರಾಮ ಹಾಕುವ ಪುಟ್ಟ ಕ್ಲಾಸೊಂದನ್ನು ತಾವೇ ಬರೆದುಕೊಳ್ಳುತ್ತವೆ. ಅದರ ಬೆನ್ನಿಗೇ ಮೊತ್ತವನ್ನು ಕನ್ನಡ ಅಕ್ಷರಗಳಲ್ಲಿ ಬರೆಯುವ ಕ್ಲಾಸು ಬರುತ್ತದೆ. ಆಮೇಲೆ ಐಎಫ್‌ಎಸ್‌ಸಿ ಪರೀಕ್ಷಿಸುವುದು: ಒಟ್ಟು 11 ಅಕ್ಷರ, ಐದನೆಯದು ಸೊನ್ನೆಯೇ ಆಗಿರಬೇಕು. ಜಿಎಸ್‌ಟಿ ಸಂಖ್ಯೆ ಪರೀಕ್ಷಿಸುವುದು: 15 ಅಕ್ಷರ, ಮೊದಲೆರಡು ರಾಜ್ಯದ ಸಂಕೇತ, ಕರ್ನಾಟಕವಾದರೆ 29.

ಮೊದಲ ಅಪ್ಲಿಕೇಶನ್ ಸಹಕಾರ ಸಂಘದ ಲೆಕ್ಕಪತ್ರಕ್ಕೆ, ಎರಡನೆಯದು ಶಾಲೆಯ ಶುಲ್ಕಕ್ಕೆ, ಮೂರನೆಯದು ಅಂಗಡಿಯ ಬಿಲ್ಲಿಗೆ ಎಂದಿಟ್ಟುಕೊಳ್ಳಿ. ಎರಡನೆಯದು ಶುರುವಾದ ದಿನ ಯಾರೋ ಒಬ್ಬರು ಮೊದಲನೆಯದರ ಯುಟಿಲ್ ಫೋಲ್ಡರನ್ನು ಇದ್ದಂತೆಯೇ ಕಾಪಿ ಮಾಡುತ್ತಾರೆ. ಮೂರನೆಯದಕ್ಕೆ ಎರಡನೆಯದರಿಂದ ಕಾಪಿಯಾಗುತ್ತದೆ. ವರ್ಷ ಕಳೆಯುವಷ್ಟರಲ್ಲಿ ಒಂದೇ ಹೆಸರಿನ ಮೂರು ಕ್ಲಾಸುಗಳು ಮೂರು ದಾರಿ ಹಿಡಿದಿರುತ್ತವೆ. ಋಣ ಮೊತ್ತಕ್ಕೆ ಅಲ್ಪವಿರಾಮ ತಪ್ಪಾಗಿ ಬೀಳುತ್ತಿದ್ದದ್ದನ್ನು ಸಂಘದ ಪ್ರಾಜೆಕ್ಟಿನಲ್ಲಿ ತಿದ್ದಲಾಗಿದೆ, ಉಳಿದೆರಡರಲ್ಲಿ ಇಲ್ಲ. ಇಲ್ಲ ಎಂಬುದು ಯಾರಿಗೂ ಗೊತ್ತೂ ಇಲ್ಲ.

ಆ ಕೋಡನ್ನು ಒಂದೆಡೆ ಇಟ್ಟು ಮೂರೂ ಕಡೆ ಬಳಸಬೇಕು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಆ ‘ಒಂದೆಡೆ’ ಎಲ್ಲಿರಬೇಕು ಎಂಬಲ್ಲಿ ಮಾತ್ರ ಅನೇಕ ತಂಡಗಳು ದಾರಿ ತಪ್ಪುತ್ತವೆ. ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಕೋಡನ್ನು ಬಿಲ್ಡ್ ಮಾಡುವ ಹೊತ್ತಿನಲ್ಲಿ ಹಂಚಿಕೊಳ್ಳಿ, ಸರ್ವರಿನಲ್ಲಿ ಹಂಚಿಕೊಳ್ಳಬೇಡಿ. ಪ್ರತಿ ವಾರ್ ಕಡತವೂ ತನಗೆ ಬೇಕಾದ ಜಾರ್‌ಗಳನ್ನು ತನ್ನೊಳಗೇ ಹೊತ್ತುಕೊಂಡು ಹೋಗಲಿ. ಯಾವ ಜಾರ್, ಯಾವ ವರ್ಷನ್ ಎಂಬುದು ಸೋರ್ಸ್ ಕೋಡಿನ ಜೊತೆಗೇ ಬರೆದಿರಲಿ.

ಸರ್ವರಿನ ಲಿಬ್ ಫೋಲ್ಡರಿನ ಆಸೆ

ಟಾಮ್‌ಕ್ಯಾಟ್ ಬಳಸುವವರಿಗೆ ಎದುರಿಗೇ ಒಂದು ಸುಲಭದ ದಾರಿ ಕಾಣುತ್ತದೆ. ಅದರ ಲಿಬ್ ಫೋಲ್ಡರಿಗೆ ಒಂದು ಜಾರ್ ಹಾಕಿದರೆ ಸಾಕು, ಆ ಸರ್ವರಿನ ಮೇಲಿರುವ ಎಲ್ಲ ಅಪ್ಲಿಕೇಶನ್‌ಗಳಿಗೂ ಅದು ಸಿಗುತ್ತದೆ. ವಾರ್ ಕಡತ ಸಣ್ಣದಾಗುತ್ತದೆ, ಬದಲಾಯಿಸುವುದಿದ್ದರೂ ಒಂದೇ ಕಡೆ. (ಹಳೆಯ ಪಾಠಗಳಲ್ಲಿ ಕಾಮನ್, ಶೇರ್ಡ್, ಸರ್ವರ್ ಎಂಬ ಮೂರು ಫೋಲ್ಡರುಗಳ ಮಾತು ಬರುತ್ತದೆ. ಅದು ಟಾಮ್‌ಕ್ಯಾಟ್ 5.5ರ ಕಾಲದ್ದು. 6ರಿಂದ ಈಚೆಗೆ ಒಂದೇ ಲಿಬ್.)

ಇಲ್ಲಿ ತೊಂದರೆ ಹೇಗೆ ಹುಟ್ಟುತ್ತದೆ ಎಂದು ತಿಳಿಯಲು ಟಾಮ್‌ಕ್ಯಾಟ್ ಕ್ಲಾಸುಗಳನ್ನು ಹುಡುಕುವ ಕ್ರಮ ಗೊತ್ತಿರಬೇಕು. ಸಾಮಾನ್ಯ ಜಾವಾ ಪ್ರೋಗ್ರಾಮಿನಲ್ಲಿ ಕ್ಲಾಸ್‌ಲೋಡರ್ ಮೊದಲು ತನ್ನ ಮೇಲಿನ ಲೋಡರನ್ನು ಕೇಳುತ್ತದೆ, ಅಲ್ಲಿ ಸಿಗದಿದ್ದರೆ ಮಾತ್ರ ತಾನು ಹುಡುಕುತ್ತದೆ. ವೆಬ್ ಅಪ್ಲಿಕೇಶನ್ನಿನಲ್ಲಿ ಇದು ತಿರುವುಮುರುವು. ಜಾವಾದ ಮೂಲ ಕ್ಲಾಸುಗಳನ್ನು ಬಿಟ್ಟರೆ ಮೊದಲು ನೋಡುವುದು ಅಪ್ಲಿಕೇಶನ್ನಿನದೇ ವೆಬ್-ಇನ್ಫ್/ಕ್ಲಾಸಸ್, ಆಮೇಲೆ ವೆಬ್-ಇನ್ಫ್/ಲಿಬ್, ಕೊನೆಗೆ ಸರ್ವರಿನ ಲಿಬ್. ಸರ್ವ್‌ಲೆಟ್ ಎಪಿಐನಂಥ ಕೆಲವು ಕ್ಲಾಸುಗಳಿಗೆ ಮಾತ್ರ ಈ ಸಲುಗೆ ಇಲ್ಲ, ಅವು ಸರ್ವರಿನವೇ ಆಗಬೇಕು.

ಕೆಳಗಿನ ಲೋಡರಿಗೆ ಮೇಲಿನದು ಕಾಣುತ್ತದೆ, ಮೇಲಿನದಕ್ಕೆ ಕೆಳಗಿನದು ಕಾಣುವುದಿಲ್ಲ. ಈ ಒಂದೇ ನಿಯಮದಿಂದ ಹುಟ್ಟುವ ಪೇಚಾಟ ಒಂದೆರಡಲ್ಲ. ನಿಮ್ಮ ಲೈಬ್ರರಿಯನ್ನು ಸರ್ವರಿನ ಲಿಬ್‌ಗೆ ಹಾಕಿದಿರಿ, ಅದು ಬಳಸುವ ಇನ್ನೊಂದು ಜಾರ್ ವಾರ್‌ನೊಳಗೆ ಉಳಿಯಿತು ಎನ್ನಿ. ಆ ಜಾರ್ ಅಪ್ಲಿಕೇಶನ್ನಿಗೆ ಕಾಣುತ್ತದೆ, ನಿಮ್ಮ ಲೈಬ್ರರಿಗೆ ಕಾಣದು. ಪರಿಣಾಮ ನೋಕ್ಲಾಸ್‌ಡೆಫ್‌ಫೌಂಡ್‌ಎರರ್. ಅದನ್ನೂ ಸರ್ವರಿಗೆ ಸರಿಸುತ್ತೀರಿ, ಅದರ ಹಿಂದೆ ಇನ್ನೆರಡು ಬರುತ್ತವೆ. ಒಂದೇ ಜಾರ್ ಸರ್ವರಿನಲ್ಲೂ ವಾರ್‌ನಲ್ಲೂ ಇದ್ದರೆ ಇನ್ನೂ ವಿಚಿತ್ರ: ಗ್ರಾಹಕ ಎಂಬ ಕ್ಲಾಸನ್ನು ಗ್ರಾಹಕ ಎಂಬ ಕ್ಲಾಸಿಗೆ ಬದಲಾಯಿಸಲಾಗದು ಎಂಬ ಕ್ಲಾಸ್‌ಕಾಸ್ಟ್‌ಎಕ್ಸೆಪ್ಷನ್. ಸಂದೇಶ ಅಸಂಬದ್ಧ ಅನ್ನಿಸಬಹುದು, ಆದರೆ ಜಾವಾ ಹೇಳುತ್ತಿರುವುದು ಸರಿ. ಹೆಸರು ಒಂದೇ ಆದರೂ ಬೇರೆ ಬೇರೆ ಲೋಡರುಗಳು ತಂದ ಕ್ಲಾಸುಗಳು ಅದರ ಲೆಕ್ಕದಲ್ಲಿ ಬೇರೆ ಬೇರೆಯೇ.

ಸ್ಟ್ಯಾಟಿಕ್ ವೇರಿಯಬಲ್‌ಗಳ ಸಂಗತಿ ಇದಕ್ಕಿಂತ ಗಂಭೀರ. ಸರ್ವರಿನ ಲಿಬ್‌ನಲ್ಲಿರುವ ಕ್ಲಾಸು ಒಂದೇ ಸಲ ಲೋಡ್ ಆಗುತ್ತದೆ, ಆದ್ದರಿಂದ ಅದರ ಸ್ಟ್ಯಾಟಿಕ್ ವೇರಿಯಬಲ್ ಎಲ್ಲ ಅಪ್ಲಿಕೇಶನ್‌ಗಳಿಗೂ ಒಂದೇ. ರಸೀದಿಯ ತಲೆಬರಹದಲ್ಲಿ ಬರಬೇಕಾದ ಸಂಸ್ಥೆಯ ಹೆಸರನ್ನು ಹಾಗೆ ಇಟ್ಟಿದ್ದರೆ ಶಾಲೆಯ ರಸೀದಿಯಲ್ಲಿ ಸಹಕಾರ ಸಂಘದ ಹೆಸರು ಬರಬಹುದು. ಒಬ್ಬ ಗಿರಾಕಿಯ ಮಾಹಿತಿ ಇನ್ನೊಬ್ಬನ ಪರದೆಗೆ ಹೋಗುವ ಸಂಭವವಿರುವಲ್ಲಿ ವಾರ್ ಕಡತ ಎಷ್ಟು ಎಂಬಿ ಕಡಿಮೆಯಾಯಿತು ಎಂದು ಲೆಕ್ಕ ಹಾಕುತ್ತ ಕೂರಬಾರದು. ಇನ್ನು ಲೈಬ್ರರಿ ಬದಲಾಯಿಸಲು ಸರ್ವರ್ ನಿಲ್ಲಿಸಿದರೆ ಎಲ್ಲ ಅಪ್ಲಿಕೇಶನ್‌ಗಳೂ ನಿಲ್ಲುತ್ತವೆ. ಬಿಲ್ಲಿನ ಅಪ್ಲಿಕೇಶನ್ನಿಗೆ ಬೇಕಾದ ಹೊಸ ವರ್ಷನ್ ಶಾಲೆಯ ಅಪ್ಲಿಕೇಶನ್ನಿಗೆ ಒಗ್ಗದಿದ್ದರೆ ಮುಂದೆ ದಾರಿಯೇ ಇಲ್ಲ.

ಹಾಗಾದರೆ ಸರ್ವರಿನ ಲಿಬ್‌ನಲ್ಲಿ ಏನಿರಬೇಕು? ಡೇಟಾಬೇಸ್ ಕನೆಕ್ಷನ್ ಪೂಲನ್ನು ಟಾಮ್‌ಕ್ಯಾಟ್ ತಾನೇ ನಡೆಸುವಂತೆ ನೀವು ಹೊಂದಿಸಿದ್ದರೆ ಜೆಡಿಬಿಸಿ ಡ್ರೈವರ್ ಅಲ್ಲಿರಬೇಕು, ಏಕೆಂದರೆ ಅದನ್ನು ಬಳಸುವುದು ಸರ್ವರೇ. ಅದರಾಚೆಗೆ ನಾನು ಏನನ್ನೂ ಇಡಿಸುವುದಿಲ್ಲ.

ಜಾರ್ ಬದಲಾಯಿಸಿದರೂ ಬದಲಾಗದ ದರ

ಜಾರ್ ಒಂದನ್ನು ಸರ್ವರಿನಲ್ಲೇ ತೆಗೆದು ಹೊಸದನ್ನು ಇಡುವ ಅಭ್ಯಾಸಕ್ಕೆ ಇನ್ನೊಂದು ಅಪಾಯವಿದೆ. ಅನುಭವಿಗಳೂ ಇದನ್ನು ಮರೆಯುತ್ತಾರೆ, ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ.

2025ರ ಸೆಪ್ಟೆಂಬರ್ 22ರಿಂದ ಅನೇಕ ವಸ್ತುಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ನಿಮ್ಮ ಲೈಬ್ರರಿಯಲ್ಲಿ ಈ ದರ ಪಬ್ಲಿಕ್ ಸ್ಟ್ಯಾಟಿಕ್ ಫೈನಲ್ ಇಂಟ್ ಆಗಿ 12 ಎಂದು ಇತ್ತು ಎನ್ನಿ. ಅದನ್ನು 5 ಮಾಡಿ, ಲೈಬ್ರರಿಯನ್ನು ಬಿಲ್ಡ್ ಮಾಡಿ, ಹೊಸ ಜಾರನ್ನು ಹಳೆಯದರ ಜಾಗದಲ್ಲಿ ಇಟ್ಟು ಸರ್ವರ್ ಮತ್ತೆ ಚಾಲೂ ಮಾಡುತ್ತೀರಿ. ಬಿಲ್ಲಿನಲ್ಲಿ ಇನ್ನೂ 12 ಬರುತ್ತದೆ. ಜಾರ್ ಬಿಚ್ಚಿ ನೋಡಿದರೆ 5 ಇದೆ. ಕ್ಯಾಶ್ ಅಳಿಸಿದರೂ, ಸರ್ವರನ್ನೇ ಹೊಸದಾಗಿ ಇನ್‌ಸ್ಟಾಲ್ ಮಾಡಿದರೂ ಅದೇ 12.

ಕಾರಣ ಜಾವಾ ಭಾಷೆಯ ನಿಯಮದಲ್ಲೇ ಇದೆ. ಬೆಲೆ ಮೊದಲೇ ಗೊತ್ತಿರುವ ಇಂಟ್, ಬೂಲಿಯನ್‌ನಂಥ ಮೂಲ ಮಾದರಿಯ ಅಥವಾ ಸ್ಟ್ರಿಂಗ್ ಮಾದರಿಯ ಫೈನಲ್ ಸ್ಥಿರಾಂಕವನ್ನು ಬಳಸುವ ಕ್ಲಾಸನ್ನು ಕಂಪೈಲ್ ಮಾಡುವಾಗ ಕಂಪೈಲರ್ ಆ ಬೆಲೆಯನ್ನೇ ಆ ಕ್ಲಾಸಿನೊಳಗೆ ಬರೆದುಬಿಡುತ್ತದೆ. ಅಪ್ಲಿಕೇಶನ್ ಓಡುವಾಗ ಲೈಬ್ರರಿಯ ಕಡೆಗೆ ತಿರುಗಿಯೂ ನೋಡುವುದಿಲ್ಲ. ಬಿಲ್ಲಿನ ಅಪ್ಲಿಕೇಶನ್ನನ್ನೇ ಮತ್ತೆ ಕಂಪೈಲ್ ಮಾಡುವವರೆಗೂ 12 ಅಲ್ಲೇ ಕೂತಿರುತ್ತದೆ. ಅದೇ ದರ ಬಿಗ್‌ಡೆಸಿಮಲ್ ಆಗಿದ್ದರೆ, ಅಥವಾ ಒಂದು ಮೆಥಡ್ ಮೂಲಕ ಬರುತ್ತಿದ್ದರೆ ಹೀಗಾಗುತ್ತಿರಲಿಲ್ಲ.

ನನ್ನನ್ನು ಕೇಳಿದರೆ ತೆರಿಗೆ ದರ ಕೋಡಿನಲ್ಲೇ ಇರಬಾರದು. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಷ್ಟು ಎಂದು ಡೇಟಾಬೇಸಿನ ಟೇಬಲ್ಲಿನಲ್ಲಿರಬೇಕು. ಆಗಸ್ಟಿನ ಬಿಲ್ಲನ್ನು ಅಕ್ಟೋಬರಿನಲ್ಲಿ ಮತ್ತೆ ಮುದ್ರಿಸಿದರೆ ಹಳೆಯ ದರವೇ ಬರಬೇಕಲ್ಲ. ಹಂಚಿದ ಲೈಬ್ರರಿಯ ಕೆಲಸ ಆ ದರವನ್ನು ತಗೊಂಡು ಲೆಕ್ಕ ಮಾಡುವುದು, ಪೈಸೆಗಳನ್ನು ಒಂದೇ ರೀತಿ ಪೂರ್ಣಾಂಕಗೊಳಿಸುವುದು.

ಸ್ಥಿರಾಂಕದ ಈ ಕಾಟಕ್ಕೆ ಸಂಬಂಧಿ ಇನ್ನೊಂದು ಉಂಟು. ಲೈಬ್ರರಿಯ ಮೆಥಡ್ ಹಿಂತಿರುಗಿಸುವ ಮಾದರಿಯನ್ನು ಇಂಟ್‌ನಿಂದ ಲಾಂಗ್‌ಗೆ ಬದಲಾಯಿಸಿದಿರಿ ಎನ್ನಿ. ಅದನ್ನು ಲಾಂಗ್ ವೇರಿಯಬಲ್‌ಗೆ ತುಂಬಿಕೊಳ್ಳುವ ಅಪ್ಲಿಕೇಶನ್ನಿನ ಸೋರ್ಸ್ ಕೋಡಿಗೆ ಏನೂ ಆಗುವುದಿಲ್ಲ, ಮತ್ತೆ ಕಂಪೈಲ್ ಮಾಡಿದರೆ ಸಲೀಸಾಗಿ ಓಡುತ್ತದೆ. ಮಾಡದೆ ಬರೀ ಜಾರ್ ಬದಲಾಯಿಸಿದರೆ ನೋಸಚ್‌ಮೆಥಡ್‌ಎರರ್ ಬರುತ್ತದೆ, ಅದೂ ಆ ಪುಟವನ್ನು ಯಾರಾದರೂ ತೆರೆದಾಗ ಮಾತ್ರ. ಲೈಬ್ರರಿ ಬದಲಾದರೆ ಅದನ್ನು ಬಳಸುವ ಅಪ್ಲಿಕೇಶನ್ನೂ ಮತ್ತೆ ಬಿಲ್ಡ್ ಆಗಲೇಬೇಕು ಎಂದು ನಿಯಮ ಮಾಡಿಕೊಂಡ ತಂಡಕ್ಕೆ ಈ ಎರಡೂ ಕಾಟ ಇಲ್ಲ.

ಮೇವನ್ ಮಾಡಿಕೊಡುವ ಕೆಲಸ

ಆ ನಿಯಮವನ್ನು ಕೈಯಿಂದ ಪಾಲಿಸುವುದು ಕಷ್ಟ. ಅದಕ್ಕೇ ಮೇವನ್ ಅಥವಾ ಗ್ರೇಡಲ್ ಬೇಕು. ಮೇವನ್‌ನಲ್ಲಿ ಪ್ರತಿ ಲೈಬ್ರರಿಗೂ ಮೂರು ಭಾಗದ ವಿಳಾಸ: ಗ್ರೂಪ್ ಐಡಿ, ಆರ್ಟಿಫ್ಯಾಕ್ಟ್ ಐಡಿ, ವರ್ಷನ್. ನಿಮ್ಮ ಸಾಮಾನ್ಯ ಕೋಡನ್ನು ಪ್ರತ್ಯೇಕ ಪ್ರಾಜೆಕ್ಟ್ ಮಾಡಿ, ಪ್ಯಾಕೇಜಿಂಗ್ ಜಾರ್ ಎಂದು ಬರೆದು, ಇನ್‌ಸ್ಟಾಲ್ ಆದೇಶ ಕೊಟ್ಟರೆ ಅದು ನಿಮ್ಮ ಕಂಪ್ಯೂಟರಿನ ಡಾಟ್-ಎಂ2 ಫೋಲ್ಡರಿನಲ್ಲಿ ಕೂರುತ್ತದೆ. ಮೂರೂ ವೆಬ್ ಪ್ರಾಜೆಕ್ಟುಗಳ ಪಾಮ್ ಕಡತದಲ್ಲಿ ಆ ವಿಳಾಸ ಬರೆದರೆ ವಾರ್ ಕಟ್ಟುವಾಗ ಮೇವನ್ ತಾನೇ ಜಾರನ್ನು ತಂದು ವೆಬ್-ಇನ್ಫ್/ಲಿಬ್‌ನಲ್ಲಿ ಇಡುತ್ತದೆ.

ಒಬ್ಬರೇ ಇದ್ದರೆ ಇಷ್ಟು ಸಾಕು. ತಂಡವಿದ್ದರೆ ಎಲ್ಲರಿಗೂ ಸಿಗುವ ರಿಪಾಸಿಟರಿ ಬೇಕು. ನೆಕ್ಸಸ್, ಆರ್ಟಿಫ್ಯಾಕ್ಟರಿ ಇವು ಹೆಚ್ಚಾಗಿ ಬಳಕೆಯಲ್ಲಿವೆ. ಲೈಬ್ರರಿಯನ್ನೂ ಅಪ್ಲಿಕೇಶನ್‌ಗಳನ್ನೂ ಅದೇ ನಾಲ್ಕೈದು ಮಂದಿ ಬರೆಯುತ್ತಿದ್ದರೆ ಎಲ್ಲವನ್ನೂ ಒಂದೇ ಗಿಟ್ ರಿಪಾಸಿಟರಿಯಲ್ಲಿ ಮಾಡ್ಯೂಲುಗಳಾಗಿ ಇಡುವುದು ಇನ್ನೂ ಸರಳ. ಲೈಬ್ರರಿಯಲ್ಲಿ ಮಾಡಿದ ಬದಲಾವಣೆ ಯಾವ ಅಪ್ಲಿಕೇಶನ್ನನ್ನು ಮುರಿಯಿತು ಎಂದು ಅದೇ ಬಿಲ್ಡ್‌ನಲ್ಲಿ ಗೊತ್ತಾಗುತ್ತದೆ. ಸಣ್ಣ ತಂಡಗಳಿಗೆ ನನ್ನ ಮೊದಲ ಸಲಹೆ ಇದೇ.

ಸರ್ವರಿನಲ್ಲಿ ಈಗಾಗಲೇ ಇರುವ ಸರ್ವ್‌ಲೆಟ್ ಎಪಿಐಗೆ ‘ಪ್ರೊವೈಡೆಡ್’ ಸ್ಕೋಪ್ ಕೊಡಿ. ಕಂಪೈಲ್ ಆಗಲು ಅದು ಸಿಗುತ್ತದೆ, ವಾರ್‌ನೊಳಗೆ ಹೋಗುವುದಿಲ್ಲ. ಸ್ನ್ಯಾಪ್‌ಶಾಟ್ ವರ್ಷನ್‌ಗಳನ್ನು ಕೆಲಸ ನಡೆಯುವಾಗ ಬಳಸಿ, ಗಿರಾಕಿಗೆ ಕೊಡುವ ವಾರ್‌ನಲ್ಲಿ ಬೇಡ. ಇವತ್ತಿನ ಸ್ನ್ಯಾಪ್‌ಶಾಟೇ ನಾಳೆಯೂ ಇರುತ್ತದೆ ಎಂಬ ಭರವಸೆ ಇಲ್ಲ. ಬಿಡುಗಡೆಯಾದ ವರ್ಷನ್ನನ್ನು ಅದೇ ನಂಬರಿನಲ್ಲಿ ಮತ್ತೆ ತಿದ್ದಿ ಏರಿಸಬೇಡಿ. ಮೇವನ್ ಸೆಂಟ್ರಲ್ ಅದಕ್ಕೆ ಅವಕಾಶವನ್ನೇ ಕೊಡುವುದಿಲ್ಲ, ನಿಮ್ಮ ರಿಪಾಸಿಟರಿಯಲ್ಲೂ ಅದನ್ನು ನಿರ್ಬಂಧಿಸಿ.

ಎಕ್ಲಿಪ್ಸ್ ಬಳಸುವ ವಿದ್ಯಾರ್ಥಿಗಳು ಎದುರಿಸುವ ಒಂದು ಗೊಂದಲವನ್ನೂ ಇಲ್ಲೇ ಬಿಡಿಸೋಣ. ಬಿಲ್ಡ್ ಪಾತ್‌ಗೆ ಜಾರ್ ಸೇರಿಸಿದ ಮೇಲೆ ಕೋಡಿನ ಕೆಂಪು ಗೆರೆ ಹೋಗುತ್ತದೆ, ಆದರೆ ಟಾಮ್‌ಕ್ಯಾಟಿನಲ್ಲಿ ಓಡಿಸಿದರೆ ಕ್ಲಾಸ್‌ನಾಟ್‌ಫೌಂಡ್‌ಎಕ್ಸೆಪ್ಷನ್. ಬಿಲ್ಡ್ ಪಾತ್ ಕಂಪೈಲ್ ಮಾಡಲಿಕ್ಕೆ ಮಾತ್ರ. ಸರ್ವರಿಗೆ ಏನೇನು ಹೋಗಬೇಕು ಎಂಬುದು ಪ್ರಾಜೆಕ್ಟ್ ಪ್ರಾಪರ್ಟೀಸ್‌ನ ಡಿಪ್ಲಾಯ್‌ಮೆಂಟ್ ಅಸೆಂಬ್ಲಿ ಎಂಬಲ್ಲಿದೆ. ಪ್ರಾಜೆಕ್ಟನ್ನು ಮೇವನ್ ಪ್ರಾಜೆಕ್ಟ್ ಆಗಿಯೇ ತೆರೆದರೆ ಎರಡೂ ಪಾಮ್ ಕಡತದಿಂದಲೇ ಹೊಂದಿಕೊಳ್ಳುತ್ತವೆ.

ಹಿಂಬಾಲಿಸಿ ಬರುವ ಜಾರ್‌ಗಳು

ನೀವು ಹತ್ತು ಲೈಬ್ರರಿ ಕೇಳಿದರೆ ಅವು ತಮಗೆ ಬೇಕಾದವನ್ನೂ ಕರೆತರುತ್ತವೆ. ಒಂದೇ ಲೈಬ್ರರಿಯ ಎರಡು ವರ್ಷನ್ ಎರಡು ದಾರಿಯಿಂದ ಬಂದರೆ ಮೇವನ್ ನಿಮ್ಮ ಪ್ರಾಜೆಕ್ಟಿಗೆ ಹತ್ತಿರವಿರುವ ದಾರಿಯದನ್ನು ಆರಿಸುತ್ತದೆ. ಅದು ಹಳೆಯದಾಗಿದ್ದರೂ ಸರಿಯೇ. ಗ್ರೇಡಲ್ ಸಾಮಾನ್ಯವಾಗಿ ಎಲ್ಲಕ್ಕಿಂತ ಹೊಸದನ್ನು ಆರಿಸುತ್ತದೆ. ಈ ವ್ಯತ್ಯಾಸದಿಂದ ಮೇವನ್‌ನಿಂದ ಗ್ರೇಡಲ್‌ಗೆ ಹೋದ ಪ್ರಾಜೆಕ್ಟುಗಳ ವಾರ್‌ನಲ್ಲಿ ಬೇರೆಯೇ ಜಾರ್‌ಗಳು ಕಾಣಿಸಿಕೊಳ್ಳಬಹುದು.

ಎಸ್‌ಎಲ್‌ಎಫ್4ಜೆ ಇದಕ್ಕೆ ಒಳ್ಳೆಯ ಉದಾಹರಣೆ. ಲಾಗ್ ಬರೆಯುವ ಈ ಎಪಿಐನ 1.7 ಮತ್ತು 2.0 ವರ್ಷನ್‌ಗಳು ಅಸಲಿ ಲಾಗಿಂಗ್ ಲೈಬ್ರರಿಯನ್ನು ಹುಡುಕುವ ವಿಧಾನವೇ ಬೇರೆ. ನಿಮ್ಮ ಹಂಚಿದ ಲೈಬ್ರರಿ 2.0 ಕೇಳಿತು, ಅಪ್ಲಿಕೇಶನ್ನಿನಲ್ಲಿ ಲಾಗ್‌ಬ್ಯಾಕ್ 1.2 ಇದೆ ಎನ್ನಿ. ಅದು 1.7ರ ಜೋಡಿ. 2.0 ಗೆದ್ದರೆ ಅಪ್ಲಿಕೇಶನ್ ನಿಲ್ಲುವುದಿಲ್ಲ. ಪ್ರೊವೈಡರ್ ಸಿಗಲಿಲ್ಲ ಎಂಬ ಎಚ್ಚರಿಕೆಯನ್ನು ಆರಂಭದಲ್ಲಿ ಹೇಳಿ ಆಮೇಲೆ ಲಾಗ್ ಬರೆಯುವುದನ್ನೇ ಬಿಟ್ಟುಬಿಡುತ್ತದೆ. ಏನೋ ಕೆಟ್ಟಾಗ ಲಾಗ್ ಕಡತ ತೆರೆದು ನೋಡಿದರೆ ಅದು ಖಾಲಿ.

ಯಾವುದು ಎಲ್ಲಿಂದ ಬಂತು ಎಂದು ನೋಡಲು ಮೇವನ್‌ನ ಡಿಪೆಂಡೆನ್ಸಿ:ಟ್ರೀ ಆದೇಶವಿದೆ. ಹೊಸ ಲೈಬ್ರರಿ ಸೇರಿಸಿದಾಗಲೆಲ್ಲ ಅದನ್ನು ಓಡಿಸಿ ಓದುವ ಅಭ್ಯಾಸ ಇಟ್ಟುಕೊಳ್ಳಿ. ಮೂರೂ ಅಪ್ಲಿಕೇಶನ್‌ಗಳಿಗೆ ಒಂದೇ ವರ್ಷನ್ ಪಟ್ಟಿ ಬೇಕೆಂದರೆ ಪೇರೆಂಟ್ ಪಾಮ್‌ನ ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್ ಭಾಗದಲ್ಲಿ ಎಲ್ಲ ವರ್ಷನ್‌ಗಳನ್ನೂ ಬರೆಯಿರಿ. ಮಕ್ಕಳ ಪಾಮ್‌ಗಳಲ್ಲಿ ವರ್ಷನ್ನೇ ಇರಬೇಕಿಲ್ಲ.

ಕೈಯಿಂದ ಜಾರ್ ಕಾಪಿ ಮಾಡುವ ಪ್ರಾಜೆಕ್ಟುಗಳಲ್ಲಿ ಒಂದೇ ವೆಬ್-ಇನ್ಫ್/ಲಿಬ್‌ನಲ್ಲಿ ಒಂದೇ ಲೈಬ್ರರಿಯ ಎರಡು ವರ್ಷನ್ ಇರುವುದು ಅಪರೂಪವಲ್ಲ. ಆ ಫೋಲ್ಡರಿನೊಳಗಿನ ಜಾರ್‌ಗಳನ್ನು ಯಾವ ಕ್ರಮದಲ್ಲಿ ಹುಡುಕಬೇಕೆಂದು ಸರ್ವ್‌ಲೆಟ್ ನಿಯಮಾವಳಿ ಹೇಳುವುದಿಲ್ಲ. ನಿಮ್ಮ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಹೊಸದು ಸಿಕ್ಕು ಗಿರಾಕಿಯ ಲಿನಕ್ಸ್ ಸರ್ವರಿನಲ್ಲಿ ಹಳೆಯದು ಸಿಗುವುದು ಹೀಗೆ.

ಲೈಬ್ರರಿ ಬರೆಯುವವರಿಗೆ

ಹಂಚಿದ ಲೈಬ್ರರಿ ಹಗುರವಾಗಿರಬೇಕು. ಅಲ್ಪವಿರಾಮ ಹಾಕುವ ಕ್ಲಾಸಿಗಾಗಿ ಸ್ಪ್ರಿಂಗ್, ಹೈಬರ್ನೇಟ್ ಎರಡನ್ನೂ ಎಳೆದು ತರುವ ‘ಕಾಮನ್’ ಎಂಬ ಜಾರ್‌ಗಳು ಹುಟ್ಟುವುದು ಎಲ್ಲವನ್ನೂ ಒಂದೇ ಕಡೆ ತುಂಬುವುದರಿಂದ. ಎರಡನೆಯ ಅಪ್ಲಿಕೇಶನ್ ನಿಜವಾಗಿ ಕೇಳುವವರೆಗೆ ಯಾವ ಕೋಡನ್ನೂ ಹಂಚಿದ ಲೈಬ್ರರಿಗೆ ಸರಿಸಬೇಡಿ. ಲಾಗ್ ಬರೆಯಲು ಎಪಿಐ ಮಾತ್ರ ಸಾಕು, ಯಾವ ಲಾಗಿಂಗ್ ಲೈಬ್ರರಿ ಎಂಬುದನ್ನು ಅಪ್ಲಿಕೇಶನ್ ನಿರ್ಧರಿಸಲಿ.

ಅಪ್ಲಿಕೇಶನ್‌ಗಳಲ್ಲಿ ಅತಿ ಹಳೆಯದು ಜಾವಾ 8ರಲ್ಲಿದ್ದರೆ ಲೈಬ್ರರಿಯೂ 8ಕ್ಕೇ ಕಂಪೈಲ್ ಆಗಬೇಕು. ಜಾವಾ 17ಕ್ಕೆ ಕಂಪೈಲ್ ಮಾಡಿದ ಜಾರನ್ನು 8ರಲ್ಲಿ ಓಡಿಸಿದರೆ ಕ್ಲಾಸ್ ಕಡತದ ವರ್ಷನ್ 61, ಇಲ್ಲಿ 52ರವರೆಗೆ ಮಾತ್ರ ಓದಲಾಗುತ್ತದೆ ಎಂಬ ಎರರ್ ಬರುತ್ತದೆ. ಜೆಡಿಕೆ 9ರಿಂದ ಬಂದ ‘ರಿಲೀಸ್’ ಆಯ್ಕೆಗೆ 8 ಎಂದು ಕೊಟ್ಟರೆ ಹೊಸ ಜಾವಾದ ಮೆಥಡ್‌ಗಳನ್ನು ಗೊತ್ತಿಲ್ಲದೆ ಬಳಸಿದರೂ ಕಂಪೈಲರ್ ಹಿಡಿದುಕೊಡುತ್ತದೆ. ಹಳೆಯ ಸೋರ್ಸ್, ಟಾರ್ಗೆಟ್ ಆಯ್ಕೆಗಳು ಹೀಗೆ ಹಿಡಿಯುವುದಿಲ್ಲ.

ಸರ್ವ್‌ಲೆಟ್‌ಗೆ ಸಂಬಂಧಿಸಿದ ಕೋಡನ್ನು, ಉದಾಹರಣೆಗೆ ಲಾಗಿನ್ ನೋಡಿಕೊಳ್ಳುವ ಫಿಲ್ಟರನ್ನು, ಲೆಕ್ಕದ ಕೋಡಿನಿಂದ ಬೇರೆ ಜಾರ್‌ನಲ್ಲಿ ಇಡಿ. ಟಾಮ್‌ಕ್ಯಾಟ್ 9ರವರೆಗೆ ಪ್ಯಾಕೇಜಿನ ಹೆಸರು ಜಾವಾಎಕ್ಸ್.ಸರ್ವ್‌ಲೆಟ್ ಎಂದಿತ್ತು. 2020ರ ಡಿಸೆಂಬರಿನ ಜಕಾರ್ತಾ ಇಇ 9ರೊಂದಿಗೆ ಅದು ಜಕಾರ್ತಾ.ಸರ್ವ್‌ಲೆಟ್ ಆಯಿತು, ಟಾಮ್‌ಕ್ಯಾಟ್ 10 ಇದನ್ನೇ ಅನುಸರಿಸುತ್ತದೆ. ಹಳೆಯ ಹೆಸರಿನ ಫಿಲ್ಟರ್ ಹೊಸ ಸರ್ವರಿನಲ್ಲಿ ಓಡದು. 2022ರ ನವೆಂಬರಿನಲ್ಲಿ ಬಂದ ಸ್ಪ್ರಿಂಗ್ ಬೂಟ್ 3ಕ್ಕೂ ಹೊಸ ಹೆಸರೇ ಬೇಕು, ಕನಿಷ್ಠ ಜಾವಾ 17 ಬೇಕು. ಲೆಕ್ಕದ ಜಾರ್ ಪ್ರತ್ಯೇಕವಾಗಿದ್ದರೆ ಅದಕ್ಕೆ ಈ ಬದಲಾವಣೆಯ ಸೋಂಕೇ ಇಲ್ಲ, ಫಿಲ್ಟರಿನ ಜಾರ್‌ಗೆ ಮಾತ್ರ ಎರಡು ವರ್ಷನ್ ನಡೆಸಿದರಾಯಿತು.

ಪುಟಗಳನ್ನೂ ಹಂಚಿಕೊಳ್ಳಬಹುದು ಎಂಬುದು ಅನೇಕರಿಗೆ ಗೊತ್ತಿಲ್ಲ. 2009ರಲ್ಲಿ ಬಂದ ಸರ್ವ್‌ಲೆಟ್ 3.0ರಿಂದ, ವೆಬ್-ಇನ್ಫ್/ಲಿಬ್‌ನಲ್ಲಿರುವ ಜಾರ್‌ನೊಳಗೆ ಮೆಟಾ-ಇನ್ಫ್/ರಿಸೋರ್ಸಸ್ ಎಂಬ ಫೋಲ್ಡರಿನಲ್ಲಿಟ್ಟ ಸಿಎಸ್‌ಎಸ್, ಚಿತ್ರ, ಜೆಎಸ್‌ಪಿ ಎಲ್ಲವೂ ಅಪ್ಲಿಕೇಶನ್ನಿನ ಸ್ವಂತ ಕಡತಗಳಂತೆ ಸಿಗುತ್ತವೆ. ಸಂಸ್ಥೆಯ ಲಾಂಛನ, ಕನ್ನಡ ಫಾಂಟು, ಎಲ್ಲ ಪುಟಗಳ ಅಡಿಬರಹ ಇವನ್ನೂ ಒಂದು ಜಾರ್‌ನಲ್ಲಿ ಕೊಡಬಹುದು.

ಬಳಸದೆ ಬಿದ್ದಿರುವ ಜಾರ್ ಕೂಡ ಬಾಗಿಲು

2015ರಲ್ಲಿ ಕಾಮನ್ಸ್ ಕಲೆಕ್ಷನ್ಸ್ ಎಂಬ ಬಹು ಜನಪ್ರಿಯ ಲೈಬ್ರರಿಯ ವಿಷಯದಲ್ಲಿ ಎಲ್ಲರೂ ಬೆಚ್ಚಿದರು. ಹೊರಗಿನಿಂದ ಬಂದ ಜಾವಾ ಆಬ್ಜೆಕ್ಟುಗಳನ್ನು ಸರ್ವರ್ ಬಿಚ್ಚಿ ಓದುತ್ತಿದ್ದರೆ, ಆ ಜಾರ್ ಕ್ಲಾಸ್‌ಪಾತ್‌ನಲ್ಲಿ ಸುಮ್ಮನೆ ಇದ್ದರೂ ಸಾಕು, ದಾಳಿಕೋರ ಅದರ ಕ್ಲಾಸುಗಳನ್ನು ಹೆಣೆದು ತನ್ನ ಆದೇಶ ಓಡಿಸಬಹುದಿತ್ತು. ನಿಮ್ಮ ಕೋಡು ಅದನ್ನು ಒಮ್ಮೆಯೂ ಕರೆಯಬೇಕಿರಲಿಲ್ಲ. 3.2.2ರಲ್ಲಿ ಆ ದಾರಿ ಮುಚ್ಚಿತು. ‘ಇರಲಿ ಬಿಡು, ಮುಂದೆ ಬೇಕಾಗಬಹುದು’ ಎಂದು ಲಿಬ್‌ನಲ್ಲಿ ಉಳಿಸಿಕೊಂಡ ಜಾರ್‌ಗಳ ಬಗ್ಗೆ ಯೋಚಿಸಬೇಕಾದದ್ದು ಇದನ್ನೇ.

2021ರ ಡಿಸೆಂಬರಿನ ಲಾಗ್4ಶೆಲ್ ಇನ್ನೂ ದೊಡ್ಡದು. ಲಾಗ್4ಜೆ 2ರಲ್ಲಿ, ಲಾಗ್‌ಗೆ ಬರೆಯುವ ಪಠ್ಯದಲ್ಲಿ ಒಂದು ವಿಶೇಷ ಸಾಲು ಇದ್ದರೆ ಅದು ಹೊರಗಿನ ಸರ್ವರಿನಿಂದ ಕೋಡು ತಂದು ಓಡಿಸುವಂತೆ ಮಾಡಬಹುದಿತ್ತು. ಲಾಗಿನ್ ಪುಟದ ಹೆಸರಿನ ಜಾಗದಲ್ಲಿ ಆ ಸಾಲು ಟೈಪಿಸಿದರೂ ಸಾಕಾಗಬಹುದಿತ್ತು. ಗಂಭೀರತೆಯ ಅಳತೆಯಲ್ಲಿ ಅದಕ್ಕೆ 10ಕ್ಕೆ 10 ಸಿಕ್ಕಿತು. 2.15.0ರಲ್ಲಿ ಪರಿಹಾರ ಬಂತು, ಅದು ಸಾಲದೆ 2.16.0, 2.17.0, 2.17.1 ಎಲ್ಲವೂ ಅದೇ ತಿಂಗಳಲ್ಲಿ ಬಂದವು. ಪೇರೆಂಟ್ ಪಾಮ್ ಇದ್ದ ತಂಡಗಳು ಪ್ರತಿ ಸಲ ಒಂದು ಸಾಲು ಬದಲಾಯಿಸಿ ಎಲ್ಲವನ್ನೂ ಬಿಲ್ಡ್ ಮಾಡಿದವು. ಜಾರ್ ಕಾಪಿ ಮಾಡಿಕೊಂಡಿದ್ದವರು ಪ್ರತಿ ಸರ್ವರಿಗೆ ಹೋಗಿ ಪ್ರತಿ ವಾರ್ ಬಿಚ್ಚಿ ನೋಡಬೇಕಾಯಿತು.

ಸರ್ವರಿನ ಲಿಬ್‌ನಲ್ಲಿ ಒಂದೇ ಪ್ರತಿ ಇದ್ದಿದ್ದರೆ ಅದನ್ನೊಂದನ್ನೇ ಬದಲಾಯಿಸಬಹುದಿತ್ತಲ್ಲ ಎಂದು ಕೇಳಬಹುದು. ಆ ವಾದದಲ್ಲಿ ಹುರುಳಿದೆ. ಆದರೆ ವಾರ್‌ನೊಳಗೆ ಅದೇ ಲೈಬ್ರರಿಯ ಇನ್ನೊಂದು ಪ್ರತಿ ಇದ್ದರೆ ಹುಡುಕಾಟದ ಕ್ರಮದಲ್ಲಿ ಗೆಲ್ಲುವುದು ಅದೇ. ಸರ್ವರಿನದನ್ನು ತಿದ್ದಿ ಸಮಾಧಾನಗೊಂಡ ಮೇಲೂ ಅಪ್ಲಿಕೇಶನ್ ಹಳೆಯದನ್ನೇ ಬಳಸುತ್ತಿರುತ್ತದೆ. ಓವಾಸ್ಪ್ ಸಂಸ್ಥೆಯ ಡಿಪೆಂಡೆನ್ಸಿ-ಚೆಕ್ ಎಂಬ ಉಚಿತ ಸಾಧನವನ್ನು ಬಿಲ್ಡ್‌ಗೆ ಜೋಡಿಸಿದರೆ ದೋಷ ಬಹಿರಂಗವಾಗಿರುವ ವರ್ಷನ್‌ಗಳನ್ನು ಅದು ತೋರಿಸುತ್ತದೆ.

ಹಳೆಯ ಪ್ರಾಜೆಕ್ಟ್ ಕೈಯಲ್ಲಿದ್ದರೆ

ಎಷ್ಟೋ ವರ್ಷಗಳಿಂದ ಜಾರ್‌ಗಳನ್ನು ಫೋಲ್ಡರಿನಲ್ಲೇ ಇಟ್ಟುಕೊಂಡು ಬಂದ ಪ್ರಾಜೆಕ್ಟನ್ನು ಒಂದೇ ದಿನದಲ್ಲಿ ಮೇವನ್‌ಗೆ ತರಲು ಹೋಗಬೇಡಿ. ಮೊದಲು ಈಗ ಓಡುತ್ತಿರುವ ವಾರ್‌ನ ವೆಬ್-ಇನ್ಫ್/ಲಿಬ್ ಪಟ್ಟಿಯನ್ನು ಬರೆದಿಟ್ಟುಕೊಳ್ಳಿ. ಕಡತದ ಹೆಸರಿನಲ್ಲಿ ವರ್ಷನ್ ಇಲ್ಲದ ಜಾರ್‌ಗಳನ್ನು ಜಿಪ್‌ನಂತೆ ಬಿಚ್ಚಿ ಮೆಟಾ-ಇನ್ಫ್ ಒಳಗೆ ನೋಡಿ. ಮೇವನ್‌ನಲ್ಲಿ ಕಟ್ಟಿದ ಜಾರ್ ಆಗಿದ್ದರೆ ಅಲ್ಲಿ ಸಾಮಾನ್ಯವಾಗಿ ಪಾಮ್.ಪ್ರಾಪರ್ಟೀಸ್ ಎಂಬ ಪುಟ್ಟ ಕಡತವಿರುತ್ತದೆ, ಮೂರೂ ಭಾಗದ ವಿಳಾಸ ಅದರಲ್ಲೇ ಇದೆ. ಇಲ್ಲದಿದ್ದರೆ ಮ್ಯಾನಿಫೆಸ್ಟ್ ಕಡತದಲ್ಲಿ ವರ್ಷನ್ ಸಿಗಬಹುದು.

ಅದೇ ವರ್ಷನ್‌ಗಳನ್ನೇ ಪಾಮ್‌ನಲ್ಲಿ ಬರೆಯಿರಿ, ಈ ಹಂತದಲ್ಲಿ ಏನನ್ನೂ ಹೊಸದು ಮಾಡಬೇಡಿ. ಮೇವನ್ ಕಟ್ಟಿದ ವಾರ್‌ನ ಲಿಬ್ ಪಟ್ಟಿಯನ್ನು ಹಳೆಯದರ ಜೊತೆ ಹೋಲಿಸಿ. ಹೆಚ್ಚಾಗಿ ಬಂದವು ಯಾವುವು, ಯಾವ ಲೈಬ್ರರಿ ಕರೆತಂದದ್ದು ಎಂದು ಟ್ರೀ ನೋಡಿ ತಿಳಿದುಕೊಳ್ಳಿ. ಎರಡೂ ಪಟ್ಟಿ ತಾಳೆಯಾಗಿ, ಅಪ್ಲಿಕೇಶನ್ ಹಿಂದಿನಂತೆಯೇ ಓಡಿದ ಮೇಲೆ ಆ ಸ್ಥಿತಿಯನ್ನು ಗಿಟ್‌ಗೆ ಸೇರಿಸಿ. ಆಮೇಲೆ ಯುಟಿಲ್ ಫೋಲ್ಡರನ್ನು ಪ್ರತ್ಯೇಕ ಮಾಡ್ಯೂಲಾಗಿ ಹೊರತೆಗೆಯಿರಿ, ಮೂರು ಪ್ರಾಜೆಕ್ಟುಗಳ ಮೂರು ಪ್ರತಿಗಳಲ್ಲಿ ವ್ಯತ್ಯಾಸವಿರುವ ಪ್ರತಿ ಮೆಥಡ್‌ಗೂ ಒಂದು ಟೆಸ್ಟ್ ಬರೆಯಿರಿ. ಋಣ ಮೊತ್ತದ ಅಲ್ಪವಿರಾಮಕ್ಕೂ ಒಂದು ಇರಲಿ. ವರ್ಷನ್‌ಗಳನ್ನು ಏರಿಸುವ ಕೆಲಸ ಇಷ್ಟಾದ ಮೇಲೆ, ಒಂದು ಸಲಕ್ಕೆ ಒಂದೊಂದೇ ಲೈಬ್ರರಿ.